ಗದ್ದೆ ಉಳುವವರು ಯಾರು

ಸಿಗ್ನಲ್ ಹಸಿರಾಗಿದೆಯೆಂದು ಎಡ್ವರ್ಡನಿಗೆ ಗೊತ್ತಾದದ್ದು ಹಿಂದಿನ ಕಾರಿನವನು ಎರಡನೆಯ ಸಲ ಹಾರ್ನ್ ಒತ್ತಿದಾಗ. ಗಡಿಬಿಡಿಯಲ್ಲಿ ಕಾರು ಮುಂದೆ ಬಿಟ್ಟು ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಲ್ಲಿ, ಅವನು ಮಾಂಯ್ ಎಂದು ಕರೆಯುವ ತಾಯಿ ಕಾರ್ಮಿನ್ ಬಾಯಿ ಥರ್ಮಾಕೋಲಿನ ಒಂದು ಮನೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೋಳಿ ಒಯ್ಯುವವರ ಹಾಗೆ ಎರಡೂ ಕೈಗಳಿಂದ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಏಳನೆಯ ಕ್ಲಾಸಿನ ಮಗಳು ಜಾನಿಸ್ ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಶನಿವಾರ, ಬೆಳಗಿನ ಒಂಬತ್ತೂಕಾಲು. ಶಾಲೆಯಲ್ಲಿ ಇವತ್ತು ಪ್ರದರ್ಶನ; ತನ್ನ ಕಾಲದ ಬೇಸಾಯದ ಬಗ್ಗೆ ಹೇಳಲು ಟೀಚರ್ ಅಜ್ಜಿಯನ್ನೂ ಕರೆದಿದ್ದರು. ಗಲ್ಫಿನ ಈ ಪೇಟೆಯಲ್ಲಿ ಅಲ್ ಬರ್ಷಾದ ಮನೆಯಿಂದ ಊದ್ ಮೇಥಾದ ಅವಳ ಶಾಲೆಗೆ ಇಪ್ಪತ್ತು ನಿಮಿಷದ ದಾರಿ. ಆ ಇಪ್ಪತ್ತು ನಿಮಿಷಗಳನ್ನು ನಲವತ್ತು ಮಾಡಲು ಆಗುತ್ತದೆಯೇ ಎಂದು ಅವನು ಹೊರಟಾಗಿನಿಂದ ಲೆಕ್ಕ ಹಾಕುತ್ತಿದ್ದ. ಬೆಳಿಗ್ಗೆ ಏಳಕ್ಕೇ ಮುಸಫ್ಫಾದ ವರ್ಕ್‌ಶಾಪಿಗೆ ಫೋನ್ ಮಾಡಿ ಫೋರ್‌ಮನ್ ಕೃಷ್ಣಪ್ಪನನ್ನು, ಏನಾದರೂ ತೊಂದರೆ ಇದೆಯಾ, ನಾನು ಬರಬೇಕಾ ಎಂದು ಕೇಳಿದ್ದ. "ಎಂತ ತೊಂದರೆಯೂ ಇಲ್ಲ ಸರ್, ಇವತ್ತು ಮೂರೇ ಜನ ಇರೋದು. ನೀವು ಮನೆಯಲ್ಲಿ ಆರಾಮ ಮಾಡಿ" ಎಂದಿದ್ದ ಕೃಷ್ಣಪ್ಪ. ತಾನಿಲ್ಲದೆಯೂ ವರ್ಕ್‌ಶಾಪು ನಡೆಯುತ್ತದೆಂಬುದನ್ನು ಇಷ್ಟು ಸಲೀಸಾಗಿ ಹೇಳಿದನಲ್ಲ ಎಂದು ಹಲ್ಲುಜ್ಜುವಾಗಲೂ ಅದೇ ಕಿರಿಕಿರಿ. ಹೆಂಡತಿ ಎಲ್ಸಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಇಲ್ಲದಿದ್ದರೆ ಅವಳೇ ಕರೆದುಕೊಂಡು ಹೋಗುತ್ತಿದ್ದಳು, ತಾನು ಮನೆಯಲ್ಲಿ ಉಳಿಯಬಹುದಿತ್ತು. ಆದರೆ ಉಳಿದು ಮಾಡುವುದೇನು, ಅಲ್ಲಿ ಮಾಂಯ್ ಏನು ಹೇಳುತ್ತಿರಬಹುದು ಎಂದು ಸೋಫಾದಲ್ಲಿ ಕೂತು ನೆನೆಯುವುದು, ಅಷ್ಟೇ.

ಗುರುವಾರದಿಂದಲೇ ಹೀಗೆ. ಅಂದು ಸಂಜೆ ಅವನು ಮುಸಫ್ಫಾದಿಂದ ಬಂದಾಗ ಅಜ್ಜಿ ಮೊಮ್ಮಗಳು ಊಟದ ಮೇಜಿನ ಮೇಲೆ ಪೇಪರು ಹರಡಿ ಹುಲ್ಲಿನ ಮಾಡು ಅಂಟಿಸುತ್ತ ಕೂತಿದ್ದರು. ಜಾನಿಸಳ ಗುಂಪಿಗೆ ಸಿಕ್ಕ ವಿಷಯ ಯುರೋಪಿನ ಮಧ್ಯಯುಗದ ರೈತ ಕುಟುಂಬವೊಂದರ ದಿನಚರಿ. ಒಂದೇ ಕೋಣೆಯ ಮಣ್ಣಿನ ಮನೆ, ನಡುವಿನಲ್ಲಿ ಒಲೆ, ಒಂದು ಮೂಲೆಯಲ್ಲಿ ದನ ಕೋಳಿ, ಇನ್ನೊಂದು ಮೂಲೆಯಲ್ಲಿ ಮಕ್ಕಳು. "ಹೊಗೆ ಎಲ್ಲಿಂದ ಹೋಗ್ತದೆ? ಕಿಟಕಿ ಇಡ್ಲಿಲ್ಲ ನೀನು" ಎಂದು ತಾಯಿ ತಪ್ಪು ಹುಡುಕುತ್ತಿದ್ದಳು. "ಗ್ರ್ಯಾನಿ, ದೇ ಡಿಡ್ನ್ಟ್ ಹ್ಯಾವ್ ವಿಂಡೋಸ್" ಎಂದು ಜಾನಿಸ್. ಆಮೇಲೆ ಓದತೊಡಗಿದಳು, ಇಂಗ್ಲಿಷಿನಲ್ಲಿ ಓದಿ ತನ್ನ ಮುರುಕು ಕೊಂಕಣಿಯಲ್ಲಿ ಅಜ್ಜಿಗೆ ಹೇಳುತ್ತ: ನೆಲ ಧಣಿಯದು; ವಾರಕ್ಕೆ ಮೂರು ದಿನ ಅವನ ಗದ್ದೆಯಲ್ಲಿ ಬಿಟ್ಟಿ ದುಡಿಯಬೇಕು; ಬೆಳೆದದ್ದರಲ್ಲಿ ಮೊದಲ ಪಾಲು ಅವನಿಗೆ; ಹಬ್ಬಕ್ಕೆ ಕೋಳಿ, ಮೊಟ್ಟೆ; ಮಗಳ ಮದುವೆಗೆ ಅವನ ಒಪ್ಪಿಗೆ ಬೇಕು; ಅವನ ಎದುರು ಟೊಪ್ಪಿ ತೆಗೆದು ನಿಲ್ಲಬೇಕು. ತಾಯಿ ಅಂಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು, "ಇದು ಯಾವಾಗಿನದ್ದು?" ಜಾನಿಸ್ ಹೇಳಿದಳು, ಎಂಟುನೂರು ವರ್ಷದ ಹಿಂದಿನದ್ದು. "ಸುಳ್ಳು. ಇದು ನನ್ನ ಮದುವೆಯಾದ ವರ್ಷದ್ದು" ಎಂದಳು ತಾಯಿ. "ನಾನು ಮದುವೆಯಾಗಿ ಬಂದ ಮಾರನೆಯ ದಿನ ಮೇಲಿನ ಮನೆಯ ಧಣಿಗಳಿಗೆ ತೋರಿಸ್ಲಿಕ್ಕೆ ಅಂತ ಕರ್ಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದ್ರು. ಹೊಸ ಎಮ್ಮೆ ತಂದರೆ ತೋರಿಸ್ತಾರಲ್ಲ, ಹಾಗೆ." ಎಡ್ವರ್ಡ್ ಎಸಿ ರಿಮೋಟ್ ಹಿಡಿದು, ಇಪ್ಪತ್ತಮೂರಕ್ಕೆ ಇಳಿಸಿ, ಮತ್ತೆ ಇಪ್ಪತ್ತೈದಕ್ಕೆ ಏರಿಸಿ ನಿಂತೇ ಇದ್ದ. ಎಲ್ಸಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಮದುವೆಯ ಮೊದಲೇ ಅವನು, ನಮಗೆ ಸ್ವಲ್ಪ ಗದ್ದೆ ಇತ್ತು, ಅಪ್ಪ ಮಾರಿದ್ರು, ಎಂದಿದ್ದ. ಆ ಮಾತನ್ನು ಅವಳೂ ಹದಿನೈದು ವರ್ಷಗಳಲ್ಲಿ ತನ್ನ ನೆಂಟರಿಷ್ಟರಿಗೆಲ್ಲ ದಾಟಿಸಿದ್ದಳು. ಅವಳು ಒಳಗೆ ಹೋಗಿ ನಲ್ಲಿ ಬಿಟ್ಟ ಸದ್ದು ಅವನಿಗೆ ಕೇಳಿಸಿತು.

ಹೋಗಲಿ, ಅಷ್ಟಕ್ಕೆ ಮುಗಿದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಗೇಣಿ ಒಕ್ಕಲಾಗಿರುವುದು ಯಾರ ತಪ್ಪೂ ಅಲ್ಲ. ಆದರೆ ಜಾನಿಸ್ ಕೇಳಿದಳು, "ದೆನ್ ವಾಟ್ ಹ್ಯಾಪಂಡ್?" ತಾಯಿ ಹೇಳಿದಳು. ಕಾನೂನು ಬಂತು. ಉಳುವವನಿಗೇ ಗದ್ದೆ ಅಂತ ಆಯಿತು. ಅರ್ಜಿ ಕೊಟ್ಟವರಿಗೆಲ್ಲ ಸಿಕ್ಕಿತು. ಬೈಲಿನ ಆಚೆಯ ಮಮ್ಮು ಬ್ಯಾರಿಗೆ ಸಿಕ್ಕಿತು, ಕೆಳಗಿನ ಮನೆಯವರಿಗೆ ಸಿಕ್ಕಿತು. "ನಮಗೆ ಸಿಗಲಿಲ್ಲ. ನಿನ್ನ ಅಜ್ಜ ಆಫೀಸರ ಎದುರು ನಿಂತು, ನಾವು ಉಳುವುದಲ್ಲ, ಧಣಿಗಳೇ ಮಾಡಿಸುವುದು, ನಾವು ಬರೇ ಕೂಲಿಗೆ ಬರುವುದು ಅಂತ ಹೇಳಿ ಹೆಬ್ಬೆಟ್ಟು ಒತ್ತಿ ಬಂದ್ರು." ಜಾನಿಸ್ ಪೆನ್ನು ಎತ್ತಿ ಕೇಳಿದಳು, "ವೈ ವುಡ್ ಹಿ ಲೈ?" ತಾಯಿ, "ಅದನ್ನು ಅವರನ್ನೇ ಕೇಳಬೇಕಿತ್ತು. ಅವರ ನಾಲಿಗೆ ಯಾವಾಗಲೂ ಮೇಲಿನ ಮನೆಯಲ್ಲೇ ಇತ್ತು" ಎಂದಳು. ಈ ಮಾತು ಎಡ್ವರ್ಡ್ ಹುಟ್ಟಿ ಬೆಳೆದ ಮನೆಯಲ್ಲಿ ಉಪ್ಪಿನ ಮರಿಗೆಯಷ್ಟೇ ಪರಿಚಿತ. ಯಾರಾದರೂ ಬಂದು ಅಪ್ಪನನ್ನು ಏನಾದರೂ ಕೇಳಿದರೆ ಸಾಕು, ಮಳೆ ಯಾವಾಗ ಬಂದೀತು ಎಂದು ಕೇಳಿದರೂ ಸರಿ, ಒಳಗಿನಿಂದ ಅವಳು, "ಅವರನ್ನು ಕೇಳಬೇಡಿ, ಅವರ ನಾಲಿಗೆ ಮೇಲಿನ ಮನೆಯಲ್ಲುಂಟು" ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ಅಪ್ಪ ಸಾಲ್ವದೋರನೂ ನಗುತ್ತಿದ್ದ. ಹಂಚಿನ ಕಾರ್ಖಾನೆಯ ಕೆಲಸದಿಂದ ಕೆಂಪಾದ ಕಾಲುಗಳನ್ನು ಅಂಗಳದಲ್ಲಿ ತೊಳೆಯುತ್ತ, ಹೌದಪ್ಪ, ಅಲ್ಲುಂಟು, ಎಂಬಂತೆ ತಲೆಯಾಡಿಸುತ್ತಿದ್ದ. ಮೂವತ್ತೇಳು ವರ್ಷ ಹೀಗೇ ನಡೆಯಿತು. ಆರು ವರ್ಷದ ಕೆಳಗೆ ಅವನು ತೀರಿಕೊಂಡಾಗಲೂ ಅವಳು ಅತ್ತದ್ದು ಎಲ್ಲರಿಗೂ ಕಾಣುವಷ್ಟೇ.

ಗದ್ದೆಯ ವಿಚಾರಣೆಗೆಂದು ಅಂದು ಬಂದ ಆಫೀಸರು ಘಟ್ಟದ ಮೇಲಿನವನು. ತುಳು ಬಾರದು, ಕೊಂಕಣಿಯಂತೂ ಕೇಳಿಯೇ ಇಲ್ಲ. ಅಪ್ಪನಿಗೆ ಅವೆರಡು ಬಿಟ್ಟರೆ ಪೇಟೆಯ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಕನ್ನಡ. ಕೊಯ್ಲು ಮುಗಿದ ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಆಫೀಸರು, "ಈ ಗದ್ದೆ ಉಳುವವರು ಯಾರು?" ಎಂದು ಕೇಳಿದ. ಜೊತೆಗಿದ್ದ ಊರಿನ ಗುಮಾಸ್ತ ತನ್ನ ಪುಸ್ತಕದಲ್ಲೇ ಏನೋ ಹುಡುಕುತ್ತಿದ್ದ. ಅವನು ಧಣಿಗಳ ಮನೆಯಲ್ಲಿ ಉಂಡು ಬಂದವನು. ಆಫೀಸರು ಅಪ್ಪನ ಜೊತೆ ಬಂದಿದ್ದ ಐದನೆಯ ಕ್ಲಾಸಿನ ಎಡ್ವರ್ಡನನ್ನು ನೋಡಿ, "ನಿನಗೆ ಕನ್ನಡ ಬರುತ್ತದಲ್ಲ, ನಿಮ್ಮ ಅಪ್ಪ ಹೇಳುವುದನ್ನು ನೀನು ಹೇಳು" ಎಂದ. ಅಪ್ಪ ಹೇಳಿದ. ತಲೆಗೆ ಕಟ್ಟಿದ ಬೈರಾಸನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಮಾತನ್ನು ಹುಡುಗನಿಗೆ ಅನುಕೂಲವಾಗಲೆಂದು ಬಿಡಿಸಿ ಹೇಳಿದ. ನಾವೇ ಉಳುವುದು. ನನ್ನ ಅಜ್ಜನ ಕಾಲದಿಂದ ನಾವೇ. ಎತ್ತು ನಮ್ಮದು, ಬೀಜ ನಮ್ಮದು. ಎಡ್ವರ್ಡ್ ಎದೆ ಸೆಟೆಸಿ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಹೇಳಿದ: "ಗದ್ದೆಯನ್ನು ಧಣಿಗಳೇ ಆಳುಗಳನ್ನಿಟ್ಟು ಮಾಡಿಸುತ್ತಾರೆ. ನಾವು ಕೂಲಿಗಾಗಿ ಬರುತ್ತೇವೆ." ಆಫೀಸರು, "ಹುಡುಗ ಚೆನ್ನಾಗಿ ಮಾತಾಡ್ತಾನೆ" ಎಂದ. ಆ ಹೊಗಳಿಕೆ ಮೈಯಲ್ಲೆಲ್ಲ ಹರಿದದ್ದು ಅವನಿಗೆ ಇಂದಿಗೂ ನೆನಪಿದೆ. ಶೇಖ್ ಝಾಯೆದ್ ರಸ್ತೆಯಲ್ಲಿ ನೂರರ ವೇಗದಲ್ಲಿ ಹೋಗುವಾಗಲೂ ಒಮ್ಮೊಮ್ಮೆ ಅದು ಬೆನ್ನಿನಲ್ಲಿ ಹರಿಯುತ್ತದೆ. ಅಪ್ಪನಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ಅರ್ಥವಾಗಿತ್ತು. ಅವನು ಮಗನನ್ನು ನೋಡಿದ. ಸಿಟ್ಟಿನಿಂದಲ್ಲ, ನೀರು ಬಿಟ್ಟ ಗದ್ದೆಯಲ್ಲಿ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವವನ ಹಾಗೆ. ಆಮೇಲೆ ಗುಮಾಸ್ತ ಹಿಡಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು, ಬಿಸಿಲು ಜೋರುಂಟು, ಬೈರಾಸು ತಲೆಗೆ ಹಾಕಿಕೋ. ಮನೆಯ ಅಂಗಳದಲ್ಲಿ ಮಾಂಯ್ ಏನಾಯಿತೆಂದು ಕೇಳಿದಾಗ ಅಪ್ಪ, ನಾವು ಉಳುವುದಲ್ಲ ಅಂತ ಹೇಳಿ ಬಂದೆ, ಎಂದ. ನೀವಾ ಹೇಳಿದ್ದು, ಎಂದು ಅವಳು ಕಿರುಚಿದಳು. ನಾನೇ, ಎಂದ. ಹುಡುಗ ನಾನು ಹೇಳಿದ್ದನ್ನು ಹೇಳಿದ, ಅಷ್ಟೇ.

ಶಾಲೆಯ ಎದುರು ಪಾರ್ಕಿಂಗ್ ಸಿಗಬಾರದೆಂದು ಅವನು ಹಾರೈಸುತ್ತಿರುವಾಗಲೇ ಗೇಟಿನ ಪಕ್ಕದಿಂದ ಒಂದು ಕಾರು ಹೊರಟು ಜಾಗವಾಯಿತು. ತಾಯಿ ಇಳಿದು ಮನೆಯನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದುಕೊಂಡು ನಡೆದಳು. ಕ್ಲಾಸಿನೊಳಗೆ ಬೆಂಚುಗಳನ್ನು ಗೋಡೆಗೆ ಸರಿಸಿ ನಾಲ್ಕು ಗುಂಪುಗಳಿಗೆ ನಾಲ್ಕು ಮೇಜು ಇಟ್ಟಿದ್ದರು. ಜಾನಿಸಳ ಮೇಜಿನ ಹಿಂದೆ ಗೋಡೆಗೆ ಚಾರ್ಟು, ಅದರಲ್ಲಿ ರೈತನ ಹನ್ನೆರಡು ತಿಂಗಳು. ಶಹನಾಝ್ ಟೀಚರ್ ಬಂದು ತಾಯಿಯ ಎರಡೂ ಕೈ ಹಿಡಿದು, ಕನ್ನಡದಲ್ಲೇ, "ನೀವು ಬಂದದ್ದು ತುಂಬಾ ಒಳ್ಳೆದಾಯ್ತು ಅಮ್ಮ. ನಾನೂ ಆ ಕಡೆಯವಳೇ, ಉಡುಪಿ. ಪುಸ್ತಕದಲ್ಲಿ ಓದುವುದಕ್ಕೂ ಮಾಡಿದವರ ಬಾಯಿಯಿಂದ ಕೇಳುವುದಕ್ಕೂ ವ್ಯತ್ಯಾಸ ಉಂಟಲ್ಲ" ಎಂದರು. ತಾಯಿಗೆ ಕುರ್ಚಿ ಹಾಕಿದರು. ಅವಳು ಕೂರಲಿಲ್ಲ, ನಿಂತು ಹೇಳುತ್ತೇನೆ, ಎಂದಳು. ಎಡ್ವರ್ಡ್ ಬಾಗಿಲ ಬಳಿ, ಬೇರೆ ಮಕ್ಕಳ ಅಪ್ಪಂದಿರ ನಡುವೆ, ಫೋನ್ ನೋಡುವವನ ಹಾಗೆ ನಿಂತ. ಬೆಳಗಿನ ಅಲಾರಮ್ಮು, ಬ್ಯಾಂಕಿನ ಮೆಸೇಜು, ಕೃಷ್ಣಪ್ಪ ಕಳಿಸಿದ ಒಂದು ಗುಡ್ ಮಾರ್ನಿಂಗ್ ಹೂವು, ಎಲ್ಲವನ್ನೂ ಎರಡೆರಡು ಸಲ ನೋಡಿದ.

ತಾಯಿ ಹೇಳಲು ಹೆದರುವಳೆಂದು ಅವನು ಎಲ್ಲೋ ನಂಬಿಕೊಂಡಿದ್ದ. ಅವಳು ಹೆದರಲಿಲ್ಲ. ಅಮಾವಾಸ್ಯೆಗೆ ಮೊದಲು ಬೀಜ ನೆನೆಹಾಕುವುದರಿಂದ ಶುರುಮಾಡಿ, ನೇಜಿ ನೆಡುವಾಗ ಬೆಳಗಿನ ಗಂಜಿಯನ್ನು ಹುಣಿಯಲ್ಲೇ ಉಣ್ಣುವುದು, ಹೆರಿಗೆಯಾದ ಹದಿನೇಳನೆಯ ದಿನ ಗದ್ದೆಗೆ ಇಳಿದದ್ದು, ಎಡ್ವರ್ಡನ ತೊಟ್ಟಿಲನ್ನು ಮಾವಿನ ಕೊಂಬೆಗೆ ಕಟ್ಟಿದ್ದು, ಮೊದಲ ಸೌತೆಕಾಯಿಯನ್ನು ಮೇಲಿನ ಮನೆಗೆ ಕೊಡದೆ ತಾನು ತಿಂದು ಸಿಕ್ಕಿಬಿದ್ದದ್ದು, ಎಲ್ಲವನ್ನೂ ಕೈಯಾಡಿಸುತ್ತ ಹೇಳಿದಳು. ಜಾನಿಸ್ ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಸುತ್ತ ಜನ ಸೇರಿದರು. ಸೌತೆಕಾಯಿಗೆ ನಕ್ಕರು. ತನ್ನ ತೊಟ್ಟಿಲು ತನ್ನ ಅನುಮತಿಯಿಲ್ಲದೆ ಈ ತಣ್ಣನೆಯ ಕೋಣೆಯಲ್ಲಿ ತೂಗುತ್ತಿರುವುದನ್ನು ಎಡ್ವರ್ಡ್ ಕೇಳಿದ. ವಿಚಿತ್ರವೆಂದರೆ ಯಾರೂ ಅವನನ್ನು ನೋಡಿ ಹೀಗಳೆಯಲಿಲ್ಲ. ಇಷ್ಟು ವರ್ಷ ಕ್ಲಬ್ಬಿನಲ್ಲಿ, ಚರ್ಚಿನ ಅಂಗಳದಲ್ಲಿ, ಊರಿನ ಮಾತು ಬಂದಾಗಲೆಲ್ಲ ಮಾತು ಬದಲಿಸಿದ್ದು ಇಷ್ಟಕ್ಕಾಗಿಯೇ ಎಂದು ಒಂದು ಗಳಿಗೆ ಹಗುರೂ ಆಯಿತು. ಅಷ್ಟರಲ್ಲಿ ಜಾನಿಸಳ ತಿಳಿಯಾದ ದನಿ ಹೇಳಿತು: ಆದರೆ ನನ್ನ ಅಜ್ಜ ಆಫೀಸರಿಗೆ ಸುಳ್ಳು ಹೇಳಿದರು, ಅದಕ್ಕೇ ನಮಗೆ ನೆಲ ಸಿಗಲಿಲ್ಲ. ಅವನ ಪಕ್ಕದಲ್ಲಿ ನಿಂತಿದ್ದ ಒಬ್ಬರು, ಒಳ್ಳೆಯ ಮನುಷ್ಯನಂತೆಯೇ ಕಾಣುತ್ತಿದ್ದವರು, ಹೆಂಡತಿಯ ಕಿವಿಯ ಕಡೆ ಬಾಗಿ ಹಿಂದಿಯಲ್ಲಿ, "ಕುಡಿಯಲಿಕ್ಕೆ ಏನೋ ಕೊಟ್ಟಿರಬೇಕು ಪಾಪ, ಇಂಥವರು ಹಾಗೇ" ಎಂದರು. ಅಪ್ಪ ಹಬ್ಬದ ದಿನವೂ ಕುಡಿದವನಲ್ಲ. ಎಡ್ವರ್ಡ್ ಅದನ್ನು ಹೇಳಲೆಂದು ಬಾಯಿ ತೆರೆದ. ಆಮೇಲೆ ಫೋನನ್ನು ಜೇಬಿಗೆ ಹಾಕಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, "ಮಾಂಯ್, ಸ್ವಲ್ಪ ನೀರು ಕುಡಿ ಬಾ" ಎಂದು ತಾಯಿಯ ತೋಳು ಹಿಡಿದ.

ಕಾರಿಡಾರಿನ ಕೊನೆಯಲ್ಲಿ ನೀರಿನ ಯಂತ್ರದ ಪಕ್ಕ ಒಂದು ಬೆಂಚಿತ್ತು. ತಾಯಿ ಪೇಪರ್ ಲೋಟದಲ್ಲಿ ನೀರು ಕುಡಿದು, ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು.

"ಅಪ್ಪ ಹಾಗೆ ಹೇಳಲಿಲ್ಲ ಮಾಂಯ್" ಎಂದ ಎಡ್ವರ್ಡ್.

"ಹೇಗೆ?"

"ಉಳುವುದು ನಾವೇ ಅಂತಲೇ ಅವರು ಹೇಳಿದ್ದು. ಎತ್ತು ನಮ್ಮದು, ಬೀಜ ನಮ್ಮದು ಅಂತ. ಕನ್ನಡದಲ್ಲಿ ಹೇಳುವಾಗ ನಾನು ಬೇರೆ ಹೇಳಿದೆ."

ಅವಳು ಅವನನ್ನು ನೋಡಿದಳು. ಕಿವಿ ಕೇಳಿಸದವರ ಹಾಗೆ ಮುಖವನ್ನು ಸ್ವಲ್ಪ ಓರೆ ಮಾಡಿದ್ದಳು, ಆದರೆ ಅವಳ ಕಿವಿ ಚುರುಕು.

"ತಿಳಿಯದೆ ಹೇಳಿದ್ದಾ, ತಿಳಿದು ಹೇಳಿದ್ದಾ?"

"ತಿಳಿದು."

"ಯಾಕೆ?"

ನಲವತ್ತಮೂರು ವರ್ಷಗಳಲ್ಲಿ ಅವನು ಈ ಪ್ರಶ್ನೆಗೆ ಎಷ್ಟೋ ಉತ್ತರ ಕೂಡಿಟ್ಟಿದ್ದ. ನಾನು ಸಣ್ಣವ, ಹೆದರಿಸಿದ್ದರು, ನಮ್ಮನ್ನು ಊರಿನಿಂದ ಓಡಿಸುತ್ತೇವೆ ಎಂದಿದ್ದರು, ಹೇಳಿದ್ದರ ಅರ್ಥವೇ ಗೊತ್ತಿರಲಿಲ್ಲ. ಒಂದೂ ನಿಜವಲ್ಲ. "ಮುನ್ನಾದಿನ ಸಂಜೆ ಧಣಿಗಳು ನನ್ನನ್ನು ಚಾವಡಿಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಗಾಜಿನ ಲೋಟದಲ್ಲಿ ಚಾ ಕೊಟ್ಟರು. ಹೀಗೆ ಹೇಳಬೇಕು, ನೀನು ಶಾಲೆಗೆ ಹೋಗುವವ, ನಿನ್ನ ಮಾತು ನಡೀತದೆ, ಅಂದರು."

"ಚಾ" ಎಂದಳು ತಾಯಿ.

"ಹೌದು."

"ಮತ್ತೆ ಎಂತ ಕೊಟ್ಟರು?"

"ಎಂತದೂ ಇಲ್ಲ."

ಎದುರಿನ ಕ್ಲಾಸಿನಿಂದ ಯಾವುದೋ ಮಗು ಒಂದೇ ವಾಕ್ಯವನ್ನು ಬಂದವರಿಗೆಲ್ಲ ಹೇಳುತ್ತಿತ್ತು. ಹೊಡೆದಾಳೋ, ಎದ್ದು ಹೋದಾಳೋ, ಅಳುವಳೋ, ಯಾವುದಾದರೊಂದು ಬೇಗ ಆಗಿಬಿಡಲಿ ಎಂದು ಅವನು ಕಾದ. ಅವಳು ಪೇಪರ್ ಲೋಟವನ್ನು ಮಡಿಸಿದಳು, ಮತ್ತೊಮ್ಮೆ ಮಡಿಸಿದಳು, ಬೆರಳಷ್ಟು ಮಾಡಿದಳು. "ಬಡಿಸುವಾಗ ನಾನು ಅವರ ಬಟ್ಟಲನ್ನು ನೆಲಕ್ಕೆ ಕುಕ್ಕಿ ಇಡುತ್ತಿದ್ದೆ" ಎಂದಳು. "ಒಂದು ದಿನವೂ ಕೈಗೆ ಕೊಡಲಿಲ್ಲ. ಕಡೆಗೆ ಹಾಸಿಗೆ ಹಿಡಿದಾಗಲೂ ಸ್ಟೂಲಿನ ಮೇಲೆ ಕುಕ್ಕಿದೆ." ಅವನೇನೋ ಹೇಳಹೊರಟ. ಅವಳು ಕೈಯೆತ್ತಿ ನಿಲ್ಲಿಸಿದಳು. "ನನಗೊಂದು ಮಾತು ಹೇಳಬಹುದಿತ್ತು" ಎಂದಳು. ಯಾರು ಹೇಳಬಹುದಿತ್ತು ಎಂದು ಹೇಳಲಿಲ್ಲ. ಅಪ್ಪನೋ, ತಾನೋ. ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ತಾನು ಎಂಬುದೇ ಉತ್ತರವಾದರೆ ಹೇಗೋ ತಾಳಿಕೊಳ್ಳಬಹುದು. ಅಪ್ಪನೆಂದಾದರೆ, ಸತ್ತವನ ಮೇಲೆ ಅವಳಿಗೆ ಹೊಸದೊಂದು ಸಿಟ್ಟನ್ನು ತಾನೇ ತಂದುಕೊಟ್ಟ ಹಾಗಾಯಿತು.

ಜಾನಿಸ್ ಓಡಿ ಬಂದಳು. "ಪಪ್ಪ, ಟೀಚರ್ ಈಸ್ ಆಸ್ಕಿಂಗ್. ಮತ್ತೊಂದು ಗುಂಪು ಬಂದಿದೆ, ಗ್ರ್ಯಾನಿ ಬರ್ತಾಳಾ?"

"ಇಲ್ಲ, ಅವಳಿಗೆ ಸುಸ್ತಾಗಿದೆ. ನಾವು ಮನೆಗೆ ಹೋಗುವಾ" ಎಂದ ಎಡ್ವರ್ಡ್.

ತಾಯಿ ಎದ್ದು ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಅತ್ತಿರಲಿಲ್ಲ. "ಬರ್ತೇನೆ" ಎಂದಳು. "ಅಷ್ಟು ಜನರ ಎದುರು ಅವರ ಮೇಲೆ ಇಲ್ಲದ್ದು ಹೇಳಿ ಬಂದಿದ್ದೇನೆ." ಎರಡು ಹೆಜ್ಜೆ ಹೋಗಿ ತಿರುಗಿದಳು. "ನೀನೂ ಬಾ. ಮಗುವಿಗೆ ನನ್ನ ಎಲ್ಲ ಮಾತೂ ತಿಳಿಯುವುದಿಲ್ಲ. ನಾನು ಹೇಳಿದ್ದನ್ನು ನೀನು ಹೇಳು."

ಮೇಜಿನ ಎದುರು ಹೊಸ ಮುಖಗಳು. ಆದರೆ ಹಿಂದಿಯಲ್ಲಿ ಮಾತಾಡಿದವರು ಹೆಂಡತಿಯೊಡನೆ ಪಕ್ಕದ ಮೇಜಿನ ಥರ್ಮಾಕೋಲಿನ ಕೋಟೆಯನ್ನು ನೋಡುತ್ತ ಇನ್ನೂ ಅಲ್ಲೇ ಇದ್ದರು. ತಾಯಿ ಈ ಸಲ ಬೀಜದಿಂದ ಶುರುಮಾಡಲಿಲ್ಲ. ಎಡ್ವರ್ಡ್ ಅವಳ ಎಡಕ್ಕೆ ನಿಂತು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದ. ನನ್ನ ಗಂಡ ಸುಳ್ಳು ಹೇಳಲಿಲ್ಲ. ನಾನು ಆಗ ಹೇಳಿದ್ದು ತಪ್ಪು. ಅವರು ನಿಜವನ್ನೇ ಹೇಳಿದರು. ನಾವೇ ಉಳುವವರು, ಎತ್ತು ನಮ್ಮದು, ಬೀಜ ನಮ್ಮದು ಅಂತ ಹೇಳಿದರು. ಅವನ ದನಿ ಎಲ್ಲೂ ತಡೆಯಲಿಲ್ಲ. ಮುಸಫ್ಫಾದಲ್ಲಿ ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ವಿವರಿಸುವ ಅದೇ ದನಿ. ಪಕ್ಕದ ಮೇಜಿನವರು ಈ ಕಡೆ ತಿರುಗಿದರು. ತಾಯಿ ಮುಂದಿನ ವಾಕ್ಯ ಹೇಳಿದಳು. ಆಫೀಸರಿಗೆ ಅದನ್ನು ಕನ್ನಡದಲ್ಲಿ ಹೇಳಿದವನು ಸುಳ್ಳು ಹೇಳಿದ.

"ದಿ ಬಾಯ್ ಹೂ ಟ್ರಾನ್ಸ್‌ಲೇಟೆಡ್..." ಎಂದು ಅವನು ಶುರುಮಾಡಿದ.

"ನಿಲ್ಲು" ಎಂದಳು ತಾಯಿ. "ಬಾಯ್ ಅಂದರೆ ಹುಡುಗ ಅಲ್ಲವಾ? ನಾನು ಹುಡುಗ ಅಂತ ಹೇಳಲಿಲ್ಲ. ಯಾರು ಅಂತ ಹೇಳು."

ಜಾನಿಸ್ ಅಪ್ಪನ ಮುಖ ನೋಡಿದಳು. ಅಷ್ಟು ಕೊಂಕಣಿ ಅವಳಿಗೆ ತಿಳಿಯುತ್ತಿತ್ತು. ಶಹನಾಝ್ ಟೀಚರ್ ಮುಂದಿನವರನ್ನು ಕರೆಯಲೆಂದು ಎತ್ತಿದ ಕೈಯನ್ನು ಇಳಿಸಿದರು.

"ಇಟ್ ವಾಸ್ ಮಿ" ಎಂದ ಎಡ್ವರ್ಡ್. "ನನಗೆ ಆಗ ಹತ್ತು ವರ್ಷ. ನನ್ನ ಅಪ್ಪ ಹೇಳಿದ್ದನ್ನು ನಾನು ಬದಲಿಸಿ ಹೇಳಿದೆ. ಅವರಿಗೆ ಗೊತ್ತಾಯಿತು. ಆದರೂ ಸಾಯುವವರೆಗೆ ಯಾರಿಗೂ ಹೇಳಲಿಲ್ಲ."

ಮುಂದೆ ನಿಂತಿದ್ದ ಕನ್ನಡಕದ ಹುಡುಗಿಯೊಬ್ಬಳು ನೋಟ್‌ಬುಕ್ ತೆರೆದು, ಎಷ್ಟು ನೆಲ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ತಾಯಿಯನ್ನು ಕೇಳಿದ. "ಒಂದು ಎಕರೆ ಹತ್ತು ಸೆಂಟ್ಸ್" ಎಂದಳು ತಾಯಿ. ಅವನು ಅದನ್ನು ಹೇಳಿದ, ಹುಡುಗಿ ಬರೆದುಕೊಂಡಳು. ಜಾನಿಸ್ ಪೆನ್ನು ತೆಗೆದು ಚಾರ್ಟಿನ ಕೆಳಗೆ, ಅಜ್ಜ ಆಫೀಸರಿಗೆ ಸುಳ್ಳು ಹೇಳಿದರು ಎಂದು ತಾನು ಬರೆದಿದ್ದ ಸಾಲಿನಲ್ಲಿ ಅಜ್ಜ ಎಂಬುದನ್ನು ಹೊಡೆದುಹಾಕಿ, ಮೇಲೆ ಏನು ಬರೆಯಬೇಕೆಂದು ತೋಚದೆ, ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ನಿಂತಳು. "ಬರಿ" ಎಂದ ಅವನು. ಅವಳು ಬರೆದಳು.

ಗುಂಪು ಕೋಟೆಯ ಕಡೆ ಸರಿಯಿತು. ಎಡ್ವರ್ಡ್ ಕಾರಿನ ಕೀಲಿಯನ್ನು ಜೇಬಿನಲ್ಲಿ ಮುಟ್ಟಿ ನೋಡಿಕೊಂಡ. "ಹೋಗುವಾ ಮಾಂಯ್" ಎಂದ. ತಾಯಿ ಟೀಚರ್ ಕಡೆ ತಿರುಗಿ, ಇದು ಎಷ್ಟು ಗಂಟೆಯ ತನಕ ಉಂಟು, ಎಂದು ಕೇಳಿದಳು. ಒಂದು ಗಂಟೆಯ ತನಕ, ಎಂದರು ಅವರು. ಗಡಿಯಾರದಲ್ಲಿ ಹತ್ತೂ ನಲವತ್ತು. ಬಾಗಿಲಿನಿಂದ ಹೊಸಬರು ಏಳೆಂಟು ಮಂದಿ ಒಳಗೆ ಬಂದು, ಹುಲ್ಲಿನ ಮಾಡಿನ ಮನೆಯನ್ನು ನೋಡಿ, ಈ ಮೇಜಿನ ಕಡೆಗೇ ನಡೆದರು. ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಎದುರು ನಿಂತು, ಮಗ ತನ್ನ ಎಡಕ್ಕೆ ಬರುವವರೆಗೆ ಕಾದು, ಮೊದಲಿನಿಂದ ಹೇಳಲು ಶುರುಮಾಡಿದಳು.